ನೀ ಕಲ್ಲಾಗಿಲ್ಲವಾ

ಧಾರವಾಡ

ಸುಮಾ,

ನಿನ್ನ ಕಾಗದ ಮುಟ್ಟಿತು. ಕೂಸಿನ ತೂಕ, ನಿಮ್ಮತ್ತಿ ಮಣಕಾಲ ನೋವು, ಹುಬ್ಬಳ್ಳಿ ಮನಿ ಬಾಡಿಗಿ, ಎಲ್ಲಾ ನಿಮ್ಮವ್ವ ಫೋನಿನ್ಯಾಗ ಹೇಳ್ಯಾಳ. ಅದನ್ನ ಬಿಡತೇನಿ. ಆದ್ರ ಕಡೀಕ ಬರದೀಯಲ್ಲ, "ಕೂಸು ಅತ್ತರೂ ಏನೂ ಅನಸೂದಿಲ್ಲ ಚಿಗವ್ವಾ, ನಾ ಕಲ್ಲಾಗೇನಿ ಏನೋ" ಅಂತ, ಅದು ನನ್ನ ನಿದ್ದಿ ಕೆಡಿಸೇತಿ.

ನೀ ಕಲ್ಲಾಗಿಲ್ಲವಾ. ಅದೇ ಕಾಗದದಾಗ ಕೂಸು ಯಾವ ಹೊತ್ತಿಗೆ ಏಳತೈತಿ, ಯಾವ ಬದಿ ಹಾಲು ಒಲ್ಲೆ ಅಂತೈತಿ ಅಂತನೂ ಬರದಿ. ಏನೂ ಅನಸದಾಕಿ ಅಷ್ಟು ಲಕ್ಷ್ಯ ಇಟ್ಟಿರತಾಳೇನು?

ಶರೀರಶಾಸ್ತ್ರ ಕಲಿಸಿದಾಕಿ ನಾ, ನನಗ ತಿಳದದ್ದನ್ನ ಹೇಳತೇನಿ. ಬಸರಿದ್ದಾಗ ಮಾಸು ರಾಶಿಗಟ್ಟಲೆ ಪ್ರೊಜೆಸ್ಟರಾನ್ ಅನ್ನೂ ಹಾರ್ಮೋನ್ ಮಾಡತಿತ್ತು. ಕೊಬ್ಬಿನ್ಯಾಗ ಕರಗೂ ಅಣು ಅದು, ರಕ್ತದಿಂದ ಮೆದುಳಿಗೆ ಸಲೀಸಾಗಿ ದಾಟತೈತಿ. ಅಲ್ಲಿ 5-ಆಲ್ಫಾ ರಿಡಕ್ಟೇಸ್ ಅನ್ನೂ ಕಿಣ್ವ, ಅದರ ಬೆನ್ನಿಗೆ ಇನ್ನೊಂದು ಕಿಣ್ವ, ಎರಡೂ ಕೂಡಿ ಅದನ್ನ ಅಲೊಪ್ರೆಗ್ನನೊಲೋನ್ ಮಾಡತಾವು. ಅದು ನರಕೋಶದ ಮ್ಯಾಲಿನ ಗಾಬಾ-ಎ ಅನ್ನೂ ಗ್ರಾಹಕಕ್ಕ ಕೂತು ನರಕೋಶದ ಉದ್ರೇಕ ತಗ್ಗಸತೈತಿ. ಹೆರಿಗಿ ಆಗಿ ಮಾಸು ಬಿತ್ತು ಅಂದ್ರ ಕೆಲವೇ ದಿವಸದಾಗ ಇದರ ಮಟ್ಟ ಧಡಕ್ಕನ ಇಳೀತೈತಿ. ಎಲ್ಲಾ ಬಾಣಂತ್ಯಾರಿಗೂ ಇಳೀತೈತಿ, ಕೆಲವರ ಮೆದುಳು ಮಾತ್ರ ಆ ಇಳಿತ ತಡಕೊಳ್ಳೂದಿಲ್ಲ, ಆಗ ಬಾಣಂತಿ ಖಿನ್ನತೆ ಬರಬಹುದು. ನಿನ್ನ ಕರುಳಿಗೆ ಏನೂ ಆಗಿಲ್ಲ. ಮೆದುಳಿನ ರಸಾಯನ ಇನ್ನೂ ಹೊಂದಿಕೊಂಡಿಲ್ಲ.

ಮೊದಲಿನಂಗ ಆಗತೇನೋ ಇಲ್ಲೋ ಅಂತ ಅಂಜಬ್ಯಾಡ. ಮೆದುಳು ಹೊರಗಿನ ಹಾರ್ಮೋನ್ ಒಂದನ್ನ ನಂಬಿ ಕೂತಿಲ್ಲ. 1981ರಾಗ ಫ್ರಾನ್ಸಿನ ವಿಜ್ಞಾನಿ ಬೋಲ್ಯೂ ಮತ್ತ ಅವರ ಸಂಗಾತಿಗಳು ಇಲಿಗಳ ಸ್ಟಿರಾಯ್ಡ್ ಹಾರ್ಮೋನ್ ಮಾಡೂ ಅಡ್ರಿನಲ್ ಗ್ರಂಥಿ, ವೃಷಣ ಎರಡೂ ತಗದು ನೋಡಿದರು. ಆದರೂ ಮೆದುಳಿನ್ಯಾಗ ಡಿಎಚ್‌ಇಎ ಸಲ್ಫೇಟ್ ಅನ್ನೂ ಅಂಥಾ ಒಂದು ಸ್ಟಿರಾಯ್ಡ್ ಉಳದಿತ್ತು. ಮೆದುಳು ತನಗ ಬೇಕಾದ ಕೊಲೆಸ್ಟ್ರಾಲ್ ತಾನ ಮಾಡಿಕೊಳ್ಳತೈತಿ. ಮೈಟೊಕಾಂಡ್ರಿಯಾದಾಗ ಅದು ಪ್ರೆಗ್ನೆನೊಲೋನ್ ಆಗತೈತಿ, ಅಲ್ಲಿಂದ ಪ್ರೊಜೆಸ್ಟರಾನ್. ಇವಕ್ಕ ನ್ಯೂರೋಸ್ಟಿರಾಯ್ಡ್ ಅಂತಾರ. ನೀ ಈ ಕಾಗದ ಓದೂವಾಗೂ ನಿನ್ನ ತಲಿಯೊಳಗ ಆ ಕೆಲಸ ನಡದೈತಿ.

ಗದಗಿನ ಮನಿಯೊಳಗ ನಮ್ಮಕ್ಕನ ಬಾಣಂತನ ಆತು. ಕತ್ತಲ ಖೋಲಿ, ಅಗ್ಗಿಷ್ಟಿಕಿ ಹೊಗಿ. ಕೂಸು ಅತ್ತರ ಆಕಿ ಕುಬಸ ಹಾಲಿನ್ಯಾಗ ತೊಯ್ಯತಿತ್ತು, ಆಕಿ ಮಾತ್ರ ಗ್ವಾಡಿ ಕಡೆ ಮಾರಿ ಮಾಡಿ ಕೂತಿರತಿದ್ದಳು. ಗಾಳಿ ಸೋಕೇತಿ ಅಂದರು, ದೃಷ್ಟಿ ತಗದರು. ತಾಯಿ ಆದಾಕಿಗೆ ಇಷ್ಟೂ ಮಾಯಾ ಬ್ಯಾಡೇನು ಅಂತ ಆಕಿ ಕೇಳೂಹಂಗ ಆಡಿದರು. ಆಗ ನಾ ಪರಕಾರ ಉಟ್ಟ ಹುಡುಗಿ. ಮುಂದ ಪಾಠದಾಗ ಆ ಅಣುವಿನ ಚಿತ್ರಾ ಬಿಡಿಸೂ ಹೊತ್ತಿಗೆ ಆಕಿ ಇರಲಿಲ್ಲ. ಆಕಿಗೂ ನಾ ಕಲ್ಲು ಅಂತನ ಅನಿಸಿತ್ತೇನೋ. ಅಲ್ಲಾ ಅಂತ ಹೇಳಾಕ ಆಗಲಿಲ್ಲಲ್ಲ ಅನ್ನೂದು ಇವತ್ತಿಗೂ ಚುಚ್ಚತೈತಿ.

ಈಗ ಕಾಲ ಬ್ಯಾರೆ ಐತಿ. 2019ರಾಗ ಅಮೆರಿಕಾದಾಗ ಇದೇ ಅಲೊಪ್ರೆಗ್ನನೊಲೋನ್ ಅಣುವನ್ನ ಬ್ರೆಕ್ಸನೊಲೋನ್ ಅನ್ನೂ ಹೆಸರಿಲೆ ಬಾಣಂತಿ ಖಿನ್ನತೆಗೆ ಒಪ್ಪಿದರು, 60 ತಾಸು ಸಲಾಯಿನ್‌ನಂಗ ಏರಸಬೇಕಿತ್ತು. 2023ರಾಗ ಜುರಾನೊಲೋನ್ ಗುಳಗಿ ಬಂತು. ನಿನಗ ಅದೇ ಬೇಕು ಅಂತಲ್ಲ. ಇಲ್ಲಿನ ಡಾಕ್ಟರ್ ಕಡೆ ಬ್ಯಾರೆ ಔಷಧ ಅದಾವು, ಹಾಲು ಕುಡಸೂ ತಾಯಿಗೆ ನಡಿಯೂವೂ ಅದಾವು.

ಬುದ್ಧಿ ಹೇಳಾಕ ನನಗೂ ಸಂಕೋಚ. ರಾತ್ರಿ ಒಂದು ಹೊತ್ತು ಕೂಸಿನ್ನ ನಿನ್ನ ಗಂಡ ನೋಡಲಿ, ನೀ ಮಲಕೊ. ನಿನಗಾಗಲಿ ಕೂಸಿಗಾಗಲಿ ಏನಾರ ಮಾಡಿಕೊಳ್ಳೂ ವಿಚಾರ ಬಂತು ಅಂದ್ರ ಬೆಳಗಾಗೂ ತನಕ ಕಾಯಬ್ಯಾಡ. ಆಗಿಂದಾಗ ಗಂಡನ್ನ ಎಬ್ಬಿಸಿ ದವಾಖಾನಿಗೆ ಹೋಗು. ಬರೇ ಮಾತಾಡಬೇಕು ಅನಿಸಿದರ 14416 ಟೆಲಿಮಾನಸ್ ಅನ್ನೂ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಹಗಲು ರಾತ್ರಿ ಇರತೈತಿ.

ಸೋಮವಾರ ಧಾರವಾಡಕ್ಕ ಬಾ, ಇಲ್ಲಿನ ಮಾನಸಿಕ ಆರೋಗ್ಯದ ದವಾಖಾನಿ ಡಿಮ್ಹಾನ್ಸ್‌ಗೆ ಕೂಡಿ ಹೋಗೂಣು. ನೀ ಒಳಗ ಡಾಕ್ಟರ್ ಮುಂದ ಕೂತಷ್ಟು ಹೊತ್ತು ಕೂಸು ನನ್ನ ಕಡೆ ಇರಲಿ. ಕಾಗದಕ್ಕ ಕಾಗದ ಬರಿಯಬ್ಯಾಡ, ಫೋನ್ ಮಾಡು.

ನಿನ್ನ ಚಿಗವ್ವ