ಆ ಏಡಿ ಏನು ತಿನ್ನುತ್ತದೆ? ಶನಿವಾರದ ಪ್ರವಾಸದ ಬಗ್ಗೆ

ಪ್ರಿಯ ಪೋಷಕರೇ,

ನಮಸ್ಕಾರ. ಬರುವ ಶನಿವಾರ ಏಳನೇ ತರಗತಿಯ ಮಕ್ಕಳನ್ನು ಮತ್ತೆ ಸಮುದ್ರದಂಡೆಗೆ ಕರೆದುಕೊಂಡು ಹೋಗುತ್ತಿದ್ದೇವೆ. ಹೋದ ತಿಂಗಳಷ್ಟೇ ಹೋಗಿ ಬಂದರಲ್ಲ, ಮತ್ತೆ ಯಾಕೆ ಎಂದು ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ಕಾರಣ, ಅಂದು ಒಬ್ಬ ಹುಡುಗಿ ಕೇಳಿದ ಪ್ರಶ್ನೆ. ಪುಟ್ಟ ಏಡಿಗಳ ಬಿಲದ ಸುತ್ತ ಹರಡಿದ್ದ ಮರಳಿನ ಉಂಡೆಗಳನ್ನು ನೋಡುತ್ತಾ ಅವಳು, "ಮೇಡಂ, ಇಲ್ಲಿ ಒಂದು ಹುಲ್ಲುಕಡ್ಡಿಯೂ ಇಲ್ಲ. ಇವು ಏನು ತಿನ್ನುತ್ತವೆ?" ಎಂದಳು.

ಒಳ್ಳೆಯ ಪ್ರಶ್ನೆ ಅಲ್ವಾ? ಬಂಡೆಗಳಿರುವ ಕಡೆ ಕಡಲಪಾಚಿ ಅಂಟಿಕೊಂಡು ಬೆಳೆಯುತ್ತದೆ. ಮರಳಾದರೋ ಅಲೆ ಬಂದಾಗಲೆಲ್ಲ ಹೊರಳುತ್ತದೆ. ದೊಡ್ಡ ಪಾಚಿಗೆ ಅಲ್ಲಿ ಹಿಡಿದುಕೊಳ್ಳಲು ಜಾಗವಿಲ್ಲ. ಆದರೆ ಬರಿಗಣ್ಣಿಗೆ ಕಾಣದ ಪಾಚಿಗಳಿಗೆ ಒಂದೊಂದು ಮರಳಿನ ಕಾಳೇ ಒಂದು ಬಂಡೆ. ಇವುಗಳಲ್ಲಿ ಜಾಸ್ತಿ ಇರುವುದು ಡಯಾಟಮ್‌ಗಳು. ಒಂದೇ ಜೀವಕೋಶ. ಅದರ ಸುತ್ತ ಸಿಲಿಕಾದ ಗಾಜಿನಂಥ ಚಿಪ್ಪು, ಡಬ್ಬಿಗೆ ಮುಚ್ಚಳ ಹಾಕಿದ ಹಾಗೆ ಎರಡು ಭಾಗ. ಬಣ್ಣ ಹೊಂಬಣ್ಣ ಬೆರೆತ ಕಂದು. ಬಿಸಿಲು ಮರಳಿನೊಳಗೆ ಇಳಿಯುವುದು ಕೆಲವೇ ಮಿಲಿಮೀಟರ್. ಅಷ್ಟರಲ್ಲೇ ಇವು ಬೆಳಕು ಹಿಡಿದು ತಮ್ಮ ಆಹಾರ ತಯಾರಿಸಿಕೊಳ್ಳುತ್ತವೆ.

ಆ ಏಡಿಗಳು ಮಾಡುವುದು ಇಷ್ಟೇ. ನೀರು ಇಳಿದ ಮೇಲೆ ಒದ್ದೆ ಮರಳನ್ನು ಬಾಯಿಗೆ ಹಾಕಿಕೊಂಡು, ಡಯಾಟಮ್ ಮುಂತಾದ ತಿನ್ನುವಂಥದ್ದನ್ನು ಬೇರ್ಪಡಿಸಿಕೊಳ್ಳುತ್ತವೆ. ಉಳಿದ ಮರಳನ್ನು ಉಂಡೆ ಮಾಡಿ ಪಕ್ಕಕ್ಕೆ ಹಾಕುತ್ತವೆ. ಅಂದರೆ ಆ ಹುಡುಗಿ ನೋಡುತ್ತಿದ್ದದ್ದು ಊಟ ಮುಗಿದ ಗುರುತು! ಮರಳಿನ ಕಾಳುಗಳ ನಡುವೆ ಬದುಕುವ ಸಣ್ಣ ಹುಳುಗಳಿಗೂ ಇದೇ ಮೇವು. ಕಪ್ಪೆಚಿಪ್ಪುಗಳು ಅಲೆಯ ನೀರನ್ನು ಸೋಸಿ ಅದರಲ್ಲಿ ತೇಲುವ ಪಾಚಿಯನ್ನು ತಿನ್ನುತ್ತವೆ. ಇವನ್ನೆಲ್ಲ ಮೀನುಗಳು, ಹಕ್ಕಿಗಳು ಹುಡುಕಿ ಬರುತ್ತವೆ. ಕಡಲಿನಿಂದ ತೇಲಿಬಂದು ದಂಡೆಗೆ ಬೀಳುವ ಪಾಚಿ, ಸತ್ತ ಜೀವಿಗಳು ಸಹ ಇಲ್ಲಿ ಆಹಾರವೇ. ಆದರೆ ದಂಡೆಯಲ್ಲೇ ಹುಟ್ಟುವ ಊಟ ಈ ಸೂಕ್ಷ್ಮ ಪಾಚಿಗಳದ್ದು.

ಒಂದು ಮಾತು ಹೇಳಲೇಬೇಕು. ಅಲೆಯ ಮೇಲೆ ಕಂದು ಬಣ್ಣದ ಪಟ್ಟೆ ಕಂಡಾಗ ನಾನು ಬಹಳ ವರ್ಷ ಮಕ್ಕಳಿಗೆ "ಕೊಳಕು, ಮುಟ್ಟಬೇಡಿ" ಎಂದೇ ಹೇಳಿದ್ದೇನೆ. ಅಲೆಗಳ ಅಬ್ಬರ ಜಾಸ್ತಿ ಇರುವ ಕೆಲವು ಮರಳು ದಂಡೆಗಳಲ್ಲಿ ಡಯಾಟಮ್‌ಗಳೇ ಹಗಲು ನೊರೆಗುಳ್ಳೆಗಳಿಗೆ ಅಂಟಿಕೊಂಡು ಹಾಗೆ ತೇಲುತ್ತವೆ, ರಾತ್ರಿ ತಳದ ಮರಳಿಗೆ ಇಳಿಯುತ್ತವೆ. ಕೊಳಚೆ ನೀರೂ ಕಂದು ಇರಬಹುದು, ನಿಜ. ಸುಮ್ನೆ ನೋಡಿ ಹೇಳಲಾಗದು. ಅದಕ್ಕೇ ಈ ಸಲ ಶಾಲೆಯ ಸೂಕ್ಷ್ಮದರ್ಶಕವನ್ನೂ ಕೊಂಡೊಯ್ಯುತ್ತೇವೆ. ನೋಡಿದ ಮೇಲೆ ಮರಳು, ನೀರು ಎರಡನ್ನೂ ಅಲ್ಲೇ ವಾಪಸ್ ಬಿಡುತ್ತೇವೆ.

ನೀರು ಇಳಿದಿರುವ ಹೊತ್ತಿಗೆ ಅಲ್ಲಿರಬೇಕು, ಆದ್ದರಿಂದ ಬೆಳಗ್ಗೆ ಬೇಗ ಹೊರಡುತ್ತೇವೆ. ಟೋಪಿ, ಕುಡಿಯುವ ನೀರು, ಮುಚ್ಚಳವಿರುವ ಒಂದು ಸಣ್ಣ ಡಬ್ಬಿ ಕೊಟ್ಟು ಕಳಿಸಿ. ಹಳೆಯ ಬಟ್ಟೆ ಹಾಕಿ. ಏಡಿಗಳ ಬಿಲ ತುಳಿಯಬಾರದು ಎಂದು ನೀವೂ ಮನೆಯಲ್ಲಿ ಒಮ್ಮೆ ಹೇಳಿ, ನಿಮ್ಮ ಮಾತನ್ನು ಅವರು ಕೇಳುತ್ತಾರೆ. ಬಿಡುವಿರುವ ಇಬ್ಬರು ಪೋಷಕರು ಜೊತೆಗೆ ಬಂದರೆ ನಮಗೆ ದೊಡ್ಡ ಸಹಾಯ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಗುರುವಾರದೊಳಗೆ ತರಗತಿ ಶಿಕ್ಷಕರಿಗೆ ತಲುಪಿಸಿ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ