ಕಾರ್ಡ್ ವಂಚನೆ: ಗ್ರಾಹಕರನ್ನೇ ಗದರಿಸುವುದೇಕೆ?

ಸಂಪಾದಕರೇ,

ನಿವೃತ್ತ ಮೇಷ್ಟ್ರಾದ ನಮ್ಮ ಮಾವನವರ ಕ್ರೆಡಿಟ್ ಕಾರ್ಡಿನಲ್ಲಿ ರಾತ್ರೋರಾತ್ರಿ ಯಾರೋ ವಿದೇಶಿ ವೆಬ್‌ಸೈಟಿನಿಂದ ಸಾಮಾನು ಕೊಂಡಿದ್ದಾರೆ. ಒಟಿಪಿ ಬರಲೇ ಇಲ್ಲ, ದುಡ್ಡು ಹೋಯಿತು ಎಂಬ ಮೆಸೇಜ್ ಮಾತ್ರ ಬಂತು. ಬೆಳಿಗ್ಗೆಯೇ ಕಾರ್ಡ್ ಬ್ಲಾಕ್ ಮಾಡಿಸಿ ಶಾಖೆಗೆ ಹೋದರೆ, ‘ನೀವೇ ಯಾರಿಗೋ ನಂಬರ್ ಕೊಟ್ಟಿರ್ತೀರಿ, ಮೊದಲು ಬಿಲ್ ಕಟ್ಟಿ’ ಎಂದು ಎಲ್ಲರೆದುರು ಗದರಿದರು. ಇದು ತಪ್ಪು ಅಲ್ವಾ? ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆ ಪ್ರಕಾರ, ಗ್ರಾಹಕರ ತಪ್ಪಿಲ್ಲದೆ ಹೊರಗಿನವರು ಮಾಡಿದ ಮೋಸವನ್ನು ಮೆಸೇಜ್ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರು ಒಂದು ರೂಪಾಯಿಯನ್ನೂ ಕಟ್ಟಬೇಕಿಲ್ಲ, 10 ಕೆಲಸದ ದಿನಗಳಲ್ಲಿ ಆ ಮೊತ್ತವನ್ನು ಬ್ಯಾಂಕೇ ಜಮಾ ಮಾಡಬೇಕು. ತಪ್ಪು ಗ್ರಾಹಕರದ್ದು ಅನ್ನುವುದಾದರೆ ಸಾಬೀತು ಮಾಡಬೇಕಾದ್ದೂ ಬ್ಯಾಂಕೇ. ಇಷ್ಟನ್ನು ಕೌಂಟರ್ ಪಕ್ಕ ಕನ್ನಡದಲ್ಲಿ ಬರೆದು ಅಂಟಿಸಲು ಏನು ಕಷ್ಟ? ಕಾರ್ಡ್ ತಗೊಳ್ಳಿ ಎಂದು ಮನೆಗೆ ಫೋನ್ ಮಾಡುವಾಗ ಎಷ್ಟು ಚೆಂದ ಮಾತಾಡುತ್ತಾರೆ!

ಓದುಗರೇ, ಬಾಯಿಮಾತಲ್ಲಿ ಹೇಳಿ ಸುಮ್ನೆ ವಾಪಸ್ ಬರಬೇಡಿ. ದೂರಿನ ನಂಬರ್ ಕೇಳಿ ಪಡೆಯಿರಿ, ಸೈಬರ್ ವಂಚನೆ ಸಹಾಯವಾಣಿ 1930ಕ್ಕೂ ತಕ್ಷಣ ಕರೆ ಮಾಡಿ. 30 ದಿನದಲ್ಲಿ ಬ್ಯಾಂಕ್ ಉತ್ತರ ಕೊಡದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಅದಕ್ಕೆ ಶುಲ್ಕ ಇಲ್ಲ. ವಿದೇಶಿ ಖರೀದಿ ಬೇಡವೆಂದರೆ ಬ್ಯಾಂಕಿನ ಆ್ಯಪ್‌ನಲ್ಲಿ ಈಗಲೇ ಆಫ್ ಮಾಡಿಡಿ.

— ಒಬ್ಬ ಓದುಗ, ಹಾಸನ