ಯುಗಾದಿ ಸ್ಪೆಷಲ್ ಬಾಲಿ ಪ್ಯಾಕೇಜ್: ಮಾರ್ಚ್ 19ರ ದುಡ್ಡು ವಾಪಸ್ ಕೊಡುವ ಬಗ್ಗೆ

ತಿಪಟೂರು
4 ಮೇ 2026

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು,
ಮುಖ್ಯ ಕಚೇರಿ, ಬೆಂಗಳೂರು

ಮಾನ್ಯರೇ,

ಸಿಟ್ಟಿನಲ್ಲಿ ಬರೆಯಬಾರದು ಅಂತ ಒಂದು ವಾರ ತಡೆದುಕೊಂಡು ಈ ಪತ್ರ ಬರೆಯುತ್ತಿದ್ದೇನೆ. ಇದಕ್ಕೆ ಮುಂಚೆ ಆರು ಸಲ ಫೋನ್ ಮಾಡಿದ್ದೇನೆ, ಮೂರು ಮೇಲ್ ಹಾಕಿದ್ದೇನೆ. ಎಲ್ಲದರಲ್ಲೂ 'ದಯವಿಟ್ಟು' ಇದೆ. ಕರೆಗಳನ್ನೆಲ್ಲ ರೆಕಾರ್ಡ್ ಮಾಡಿಕೊಳ್ಳುತ್ತೀರಂತೆ, ಬೇಕಾದರೆ ಕೇಳಿ ನೋಡಿ. ಏಪ್ರಿಲ್ 27ರಂದು ನಿಮ್ಮ ತುಮಕೂರು ಬ್ರಾಂಚಿಗೆ ಹೋಗಿ ಬಂದಮೇಲೆ ನನ್ನ ಹತ್ತಿರ ಇದ್ದ 'ದಯವಿಟ್ಟು' ಎಲ್ಲಾ ಖಾಲಿಯಾಗಿದೆ.

ಮೊದಲು ನಿಮ್ಮ ಪೋಸ್ಟರ್ ವಿಷಯ. ಫೆಬ್ರುವರಿಯಲ್ಲಿ ನನ್ನ ಮಗ ಫೋನಿನಲ್ಲಿ ತೋರಿಸಿದ. ಮೇಲೆ ಮಾವಿನೆಲೆ ತೋರಣ. ಕೆಳಗೆ ಕಪ್ಪು ಮರಳಿನ ತೀರ. ಹಿಂದೆ ಹೊಗೆಯಾಡುವ ಬೆಟ್ಟ. 'ಯುಗಾದಿ ಸ್ಪೆಷಲ್: ಜ್ವಾಲಾಮುಖಿ ದ್ವೀಪದಲ್ಲಿ ಹೊಸ ವರ್ಷ'. ತಲೆಗೆ 68,500 ರೂಪಾಯಿ. ನಾನು, ನನ್ನ ಹೆಂಡತಿ, ಮಗ, ಮಗಳು, ಒಟ್ಟು 2,74,000. ಅದರಲ್ಲಿ 'ಜ್ವಾಲಾಮುಖಿ ಕರಾವಳಿ' ಅನ್ನುವ ಒಂದು ದಿನದ ಸುತ್ತಾಟಕ್ಕೆ ತಲೆಗೆ 6,500 ಅಂತ ನಿಮ್ಮ ಬಿಲ್ಲಿನಲ್ಲೇ ಬೇರೆ ಸಾಲಿದೆ. ಆ ದಿನ ಮಾರ್ಚ್ 19, ಯುಗಾದಿ. ಬೆಳಗ್ಗೆ ಕಿಂತಾಮಣಿಯಿಂದ ಬಾತೂರ್ ಬೆಟ್ಟ ಮತ್ತು ಕೆರೆ, ಮಧ್ಯಾಹ್ನ ಆಮೆಡ್‌ನ ಕಪ್ಪು ತೀರ, ಆಮೇಲೆ ತುಲಾಂಬೆನ್, ಸಂಜೆ ಸಮುದ್ರದ ಪಕ್ಕ ಊಟ. ನಿಮ್ಮ ಟೂರ್ ಪ್ಲ್ಯಾನ್‌ನಲ್ಲಿ ಹೀಗೇ ಇದೆ.

ನಾನು ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುವವನು. ಕಾಯಿಯನ್ನು ಕಿವಿ ಹತ್ತಿರ ಅಲ್ಲಾಡಿಸಿ, ಸದ್ದು ಕೇಳಿ, ಒಳಗೆ ಉಂಡೆ ಆಗಿದೆಯೋ ಇಲ್ಲವೋ ಹೇಳುತ್ತೇನೆ. ನಿಮ್ಮ ಪೋಸ್ಟರ್ ಅಲ್ಲಾಡಿಸಿ ನೋಡದೆ ದುಡ್ಡು ಕಟ್ಟಿದೆ. ಅಷ್ಟು ಮಾತ್ರ ನನ್ನ ತಪ್ಪು.

ಮಾರ್ಚ್ 19ರಂದು ಬಾಲಿಯಲ್ಲಿ ಏನಿತ್ತು ಅಂತ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ವರ್ಷವಿಡೀ ಅಲ್ಲಿಗೆ ಜನ ಕಳಿಸುವವರು ನೀವು. ಬ್ರಾಂಚಿನವರಿಗೆ ಉಪಯೋಗವಾಗಲಿ ಅಂತ ಬರೆಯುತ್ತೇನೆ. ಆ ದಿನ ನ್ಯೆಪಿ. ಬಾಲಿಯ ಹಿಂದೂಗಳ ಹೊಸ ವರ್ಷ, ಮೌನದ ದಿನ. ಬೆಳಗ್ಗೆ 6ರಿಂದ ಮಾರನೇ ಬೆಳಗ್ಗೆ 6ರವರೆಗೆ ಬೆಂಕಿ ಹಚ್ಚುವ ಹಾಗಿಲ್ಲ, ದೀಪ ಹಾಕುವ ಹಾಗಿಲ್ಲ, ಕೆಲಸ ಮಾಡುವ ಹಾಗಿಲ್ಲ, ಹೊರಗೆ ಓಡಾಡುವ ಹಾಗಿಲ್ಲ. ವಿಮಾನ ನಿಲ್ದಾಣವೇ 24 ಗಂಟೆ ಮುಚ್ಚಿರುತ್ತದೆ. ಮೊಬೈಲ್ ಡೇಟಾ ಬಂದ್. ಬೀದಿಯಲ್ಲಿ ಕಪ್ಪು-ಬಿಳಿ ಚೌಕುಳಿ ಪಂಚೆ ಉಟ್ಟ ಊರ ಕಾವಲಿನವರು ಬಿಟ್ಟರೆ ನರಪಿಳ್ಳೆ ಇರಲ್ಲ. ಪ್ರವಾಸಿಗಳೂ ಹೋಟೆಲ್ ಗೇಟು ದಾಟುವ ಹಾಗಿಲ್ಲ. ಆ ಒಂದೇ ದಿನ ಹುಡುಕಿ ನೀವು ನಮಗೆ ಊರೆಲ್ಲಾ ಸುತ್ತುವ ಪ್ಲ್ಯಾನ್ ಕೊಟ್ಟಿದ್ದೀರಿ.

ಇದು ನಮಗೆ ತಿಳಿದದ್ದು ನಿಮ್ಮಿಂದಲ್ಲ. 17ರ ಬೆಳಗ್ಗೆ ಬಾಲಿ ವಿಮಾನ ನಿಲ್ದಾಣದಿಂದ ನಮ್ಮನ್ನು ಕರೆದೊಯ್ಯಲು ಬಂದ ಡ್ರೈವರ್‌ಗೆ ಮಗ ಪ್ಲ್ಯಾನ್ ತೋರಿಸಿದ. ಅವನು 19ನೇ ತಾರೀಖಿನ ಸಾಲಿನ ಮೇಲೆ ಬೆರಳಿಟ್ಟು ನಕ್ಕ. ನಮ್ಮ ಮುಖ ನೋಡಿ ನಗು ನಿಲ್ಲಿಸಿದ. ಬೆರಳು ತುಟಿಯ ಮೇಲಿಟ್ಟು 'ನ್ಯೆಪಿ' ಅಂದ. ಅಲ್ಲಿ ನಮಗಿಂತ ಎರಡೂವರೆ ಗಂಟೆ ಮುಂದೆ ಅಂತ ಲೆಕ್ಕ ಹಾಕಿ, ನೀವು ಎದ್ದಿರಲಿ ಅಂತ ಕಾದು, ನಿಮ್ಮ '24 ಗಂಟೆ ಸಹಾಯವಾಣಿ'ಗೆ ಫೋನ್ ಮಾಡಿದೆ. ಕೊಳಲು ವಾದನ ಚೆನ್ನಾಗಿತ್ತು. 20ನೇ ತಾರೀಖಿಗೆ ಆ ಸುತ್ತಾಟ ಬದಲಿಸಿ ಕೊಡಿ ಅಂತ ಕೇಳಿದೆ. 20 'ಫ್ರೀ ಡೇ', ಗಾಡಿ ಇಲ್ಲ ಅಂದರು.

(ವೀಸಾಗೆ ತಲೆಗೆ ಅಲ್ಲಿನ ದುಡ್ಡಿನಲ್ಲಿ 5 ಲಕ್ಷ ರುಪಿಯಾ, ಪ್ರವಾಸಿ ಶುಲ್ಕ ಒಂದೂವರೆ ಲಕ್ಷ ರುಪಿಯಾ, ನಾಲ್ಕು ಜನಕ್ಕೆ 26 ಲಕ್ಷ ರುಪಿಯಾ ನಾವೇ ಕಟ್ಟಿದೆವು. 'ಎಲ್ಲಾ ಸೇರಿ' ಅಂತ ಹೇಳಿದ್ದಿರಿ. 26 ಲಕ್ಷ ಅಂತ ಕೇಳಿ ನನ್ನ ಹೆಂಡತಿ ಅಲ್ಲೇ ಕುರ್ಚಿ ಹುಡುಕಿದಳು. ಆ ವಿಷಯ ಈ ಪತ್ರದಲ್ಲಿ ಎತ್ತುತ್ತಿಲ್ಲ.)

ಬಾಲಿಯವರ ಹಬ್ಬದ ಬಗ್ಗೆ ನನ್ನದು ಒಂದು ತಕರಾರೂ ಇಲ್ಲ. 18ರ ಸಂಜೆ ಬಿದಿರಿನಲ್ಲಿ ಕಟ್ಟಿದ ರಾಕ್ಷಸರನ್ನು ಹೊತ್ತು ಹುಡುಗರು ಬೀದಿ ತುಂಬ ಕುಣಿದರು. ನಮ್ಮ ಇಡೀ ಪ್ರವಾಸದಲ್ಲಿ ಅದೇ ಚೆನ್ನಾಗಿದ್ದದ್ದು. ನಿಮ್ಮ ಪ್ಲ್ಯಾನ್‌ನಲ್ಲಿ ಅದು ಇರಲಿಲ್ಲ, ಹೋಟೆಲ್ ಹುಡುಗ ಹೇಳಿದ್ದಕ್ಕೆ ಹೋದೆವು. ಯುಗಾದಿ ರಾತ್ರಿ ಪರದೆ ಎಳೆದ ರೂಮಿನಲ್ಲಿ ನನ್ನ ಹೆಂಡತಿ ಊರಿಂದ ತಂದ ಕಾಯಿ ಒಬ್ಬಟ್ಟಿನ ಡಬ್ಬಿ ತೆಗೆದಳು. ಮಗಳು ಮೊಬೈಲ್ ಟಾರ್ಚಿಗೆ ಕರವಸ್ತ್ರ ಸುತ್ತಿ ಹಿಡಿದಿದ್ದಳು. ಬಚ್ಚಲುಮನೆ ಲೈಟು ಆರಿಸೋದು ಮರೆತಿದ್ದೆವು. ಬಾಗಿಲು ಮೆಲ್ಲಗೆ ತಟ್ಟಿದ ಸದ್ದು. ಹೋಟೆಲಿನವನು ಕೈ ಮುಗಿದು, ಕಿಟಕಿ ಕಡೆ ತೋರಿಸಿ, ಏನೂ ಮಾತಾಡದೆ ಹೋದ. ನಮಗೇ ನಾಚಿಕೆಯಾಯಿತು. ಆಮೇಲೆ ಅಂಗಳಕ್ಕೆ ಬಂದು ತಲೆ ಎತ್ತಿದರೆ, ಅಮಾವಾಸ್ಯೆ ಕಳೆದ ಕತ್ತಲು, ಇಡೀ ದ್ವೀಪದಲ್ಲಿ ದೀಪವಿಲ್ಲ. ಅಷ್ಟು ನಕ್ಷತ್ರ ನಾನು ಚಿಕ್ಕವನಿದ್ದಾಗ ತೋಟದಲ್ಲಿ ಮಲಗಿದ್ದಾಗ ನೋಡಿದ್ದೆ. ಅದಕ್ಕೆ ನಿಮಗೆ ಬಿಲ್ ಮಾಡುವ ಅವಕಾಶ ತಪ್ಪಿಹೋಯಿತು, ಪಾಪ.

20ರಂದು ನಾವೇ 9 ಲಕ್ಷ ರುಪಿಯಾ, ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 5,000 ರೂಪಾಯಿ ಕೊಟ್ಟು ಕಾರು ಮಾಡಿಕೊಂಡು ಹೋದೆವು. ಆಮೆಡ್‌ನಲ್ಲಿ ಮರಳು ನಿಜಕ್ಕೂ ಕಪ್ಪು, ಆಗುಂಗ್ ಬೆಟ್ಟ ಉಗುಳಿದ ಕಲ್ಲಿನ ಪುಡಿ. ಮಧ್ಯಾಹ್ನ ಕಾಲಿಟ್ಟರೆ ಬಾಣಲೆ. ಅಲ್ಲಿ ಉಪ್ಪು ಮಾಡುವವರು ತೆಂಗಿನ ಮರದ ಕಾಂಡ ಸೀಳಿ, ದೋಣಿ ಥರ ಕೊರೆದು, ಸಾಲಾಗಿ ಇಟ್ಟು ಸಮುದ್ರದ ನೀರು ಒಣಗಿಸುತ್ತಾರೆ. ಮೂರು ತಲೆಮಾರಿಂದ ತೆಂಗಿನ ಜೊತೆ ಬದುಕಿದವನಿಗೆ ಕಾಂಡವನ್ನು ಹೀಗೂ ಬಳಸಬಹುದು ಅಂತ ಗೊತ್ತಿರಲಿಲ್ಲ. ತುಲಾಂಬೆನ್‌ನಲ್ಲಿ ಕಪ್ಪು ಉರುಟು ಕಲ್ಲಿನ ದಡ. 1942ರಲ್ಲಿ ಜಪಾನಿನ ಜಲಾಂತರ್ಗಾಮಿ ಹೊಡೆದ ಅಮೆರಿಕದ ಸರಕು ಹಡಗು ಅಲ್ಲಿ ದಡಕ್ಕೆ ಬಂದು ಕೂತಿತ್ತಂತೆ. 1963ರಲ್ಲಿ ಆಗುಂಗ್ ಸಿಡಿದಾಗ ನೆಲ ನಡುಗಿ ಅದು ಸಮುದ್ರಕ್ಕೆ ಜಾರಿತು. ಮಗ ನೀರಿಗಿಳಿದು ನೋಡಿ ಬಂದ. ಅಂದರೆ ಜಾಗ ಸುಳ್ಳಲ್ಲ, ಪೋಸ್ಟರೂ ಸುಳ್ಳಲ್ಲ. ತಾರೀಖು ಒಂದೇ ಸುಳ್ಳು. ಕಿಂತಾಮಣಿಗೆ ಮಾತ್ರ ಹೊತ್ತು ಸಾಲಲಿಲ್ಲ. ಪ್ಲ್ಯಾನ್‌ನಲ್ಲಿ ಆ ಹೆಸರನ್ನು ಮೊದಲು 'ಚಿಂತಾಮಣಿ' ಅಂತ ಓದಿಕೊಂಡಿದ್ದ ನನ್ನ ಹೆಂಡತಿ, ವಾಪಸ್ ಬರುವಾಗ, "ಊರಿಗೆ ಹೋದಮೇಲೆ ಚಿಂತಾಮಣಿಗಾದರೂ ಕರೆದುಕೊಂಡು ಹೋಗಿ" ಅಂದಳು.

ಈಗ ಏಪ್ರಿಲ್ 27ರ ವಿಷಯ. ಅವತ್ತು ಸೋಮವಾರ. ತಿಪಟೂರಿನಿಂದ ರೈಲಿನಲ್ಲಿ ಬಂದು 11.40ಕ್ಕೆ ನಿಮ್ಮ ಬ್ರಾಂಚಿನ ಗಾಜಿನ ಬಾಗಿಲು ತಳ್ಳಿದೆ. ಒಳಗೆ ನಿಮ್ಮ ಹುಡುಗ ಒಬ್ಬ, ಮೂಲೆ ಸೋಫಾದಲ್ಲಿ ಹೊಸದಾಗಿ ಮದುವೆಯಾದ ಹುಡುಗ-ಹುಡುಗಿ. ಹುಡುಗಿಯ ಕೈಯಲ್ಲಿ ಇನ್ನೂ ಮೆಹೆಂದಿ, ತೊಡೆಯ ಮೇಲೆ ನಿಮ್ಮ ಬಾಲಿ ಬ್ರೋಷರ್. ನಿಮ್ಮ ಹುಡುಗ ಸ್ಕ್ರೀನಿನಿಂದ ಕಣ್ಣೆತ್ತದೆ "ಟೋಕನ್ ತಗೊಳ್ಳಿ ಅಂಕಲ್" ಅಂದ. ತಗೊಂಡೆ. 3 ಅಂತ ಬಂತು. 1 ಮತ್ತು 2 ಯಾರು ಅಂತ ಕೊನೆಗೂ ಗೊತ್ತಾಗಲಿಲ್ಲ. ನೀರಿನ ಕ್ಯಾನ್ ಇತ್ತು, ಲೋಟ ಇರಲಿಲ್ಲ. 12.05ಕ್ಕೆ ಕರೆದ.

ಕಾಗದಗಳನ್ನೆಲ್ಲ ಮೇಜಿನ ಮೇಲಿಟ್ಟೆ. ಬಿಲ್, ಪ್ಲ್ಯಾನ್, ನಿಮ್ಮ ಷರತ್ತುಗಳ ಹಾಳೆ. 11ನೇ ಷರತ್ತಿಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದಿದ್ದೆ. ನೀವು ಕೊಡದ ಸೇವೆಯ ದುಡ್ಡು ವಾಪಸ್ ಅಂತ ಅದರಲ್ಲಿದೆ, ಬರೆದವರು ನೀವೇ. ಅವನು ಓದಲಿಲ್ಲ. "ಇದು 14ನೇ ಕಂಡಿಷನ್‌ಗೆ ಬರುತ್ತೆ ಅಂಕಲ್. ನಮ್ಮ ಕಂಟ್ರೋಲ್‌ನಲ್ಲಿ ಇಲ್ಲದ್ದು" ಅಂದ.

"ತಾರೀಖು ಮೊದಲೇ ಗೊತ್ತಿರಲಿಲ್ವಾ?" ಅಂತ ಕೇಳಿದೆ.

"ಅದು ಅಲ್ಲಿನ ಲೋಕಲ್ ಫೆಸ್ಟಿವಲ್. ಅವರು ಯಾವಾಗ ಮಾಡ್ತಾರೋ ನಮಗೆ ಹೇಗೆ ಗೊತ್ತಾಗುತ್ತೆ?"

ಅವನ ತಲೆಯ ಹಿಂದೆ ಒಡವೆ ಅಂಗಡಿಯವರ ಕ್ಯಾಲೆಂಡರ್. ಮಾರ್ಚ್ ಪುಟ ಇನ್ನೂ ತಿರುಗಿಸಿರಲಿಲ್ಲ. 19 ಕೆಂಪು ಅಕ್ಷರದಲ್ಲಿ, ಕೆಳಗೆ ಯುಗಾದಿ. ನಾನು ತೋರಿಸಿದೆ. ಅವನು ಕುರ್ಚಿ ತಿರುಗಿಸಿ ನೋಡಿ ನಕ್ಕ. "ಅದು ನಮ್ಮ ಯುಗಾದಿ ಅಂಕಲ್. ಅದಕ್ಕೂ ಇದಕ್ಕೂ ಏನ್ ಸಂಬಂಧ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅವನಿಗೆ ಫೋನ್ ಬಂತು. ಒಂದು ಬೆರಳು ನನ್ನ ಮುಖದ ಮುಂದೆ ಎತ್ತಿ, ಎರಡು ತಟ್ಟೆ ಇಡ್ಲಿ ಹೇಳಿದ. ಚಟ್ನಿ ಜಾಸ್ತಿ. ವಡೆ ಬೇಡ. ಬಿಸಿ ಇದ್ದರೆ ಮಾತ್ರ. ಆಮೇಲೆ ವಡೆಯೂ ಇರಲಿ ಅಂದ. ಬೆರಳು ಅಷ್ಟೂ ಹೊತ್ತು ಹಾಗೇ ಇತ್ತು. ಫೋನ್ ಇಟ್ಟು, ಸೋಫಾದವರಿಗೂ ಕೇಳಿಸುವ ಹಾಗೆ ಕೇಳಿದ: "ಫಸ್ಟ್ ಟೈಮ್ ಫಾರಿನ್ನಾ ಅಂಕಲ್?"

ಹೌದು, ಮೊದಲ ಸಲವೇ. ಅದಕ್ಕೇ ನಿಮ್ಮ ಹತ್ತಿರ ಬಂದದ್ದು. ಆದರೆ ಆ ಹೊತ್ತಿನಲ್ಲಿ ನನಗೆ ಉತ್ತರ ಹೊಳೆಯಲಿಲ್ಲ. ಸುಮ್ನೆ "ಹ್ಞೂಂ" ಅಂದೆ. ಐವತ್ತೆಂಟು ವರ್ಷದ ಗಂಡಸು, ಹರಾಜಿನಲ್ಲಿ ಎದುರು ನಿಂತವನ ಬಾಯಿ ಮುಚ್ಚಿಸುವವನು, "ಹ್ಞೂಂ" ಅಂದೆ. ಅವನು ಹೋಟೆಲಿನ ಫೋಟೊ ತೆಗೆದು ಸ್ಕ್ರೀನ್ ನನ್ನ ಕಡೆ ತಿರುಗಿಸಿದ. "ನೋಡಿ, ಆ ದಿನ ವೇಸ್ಟ್ ಏನೂ ಆಗಿಲ್ಲ. ನಿಮ್ಮದು ಗಾರ್ಡನ್ ವ್ಯೂ ರೂಮು. ಎಷ್ಟು ಚೆನ್ನಾಗಿದೆ, ಕೋಕೋನಟ್ ಟ್ರೀಸ್ ಎಲ್ಲಾ ಇದೆ. ಜನ ಇದನ್ನ ನೋಡೋಕೇ ಅಲ್ಲಿಗೆ ಹೋಗ್ತಾರೆ."

ತಿಪಟೂರಿನವನಿಗೆ ತೆಂಗಿನ ಮರ ತೋರಿಸಿದ. ಹುಡುಗಿ ಬ್ರೋಷರ್ ಅಡ್ಡ ಹಿಡಿದು ನಕ್ಕಳು. ಅವಳ ಮೇಲೆ ನನಗೆ ಸಿಟ್ಟಿಲ್ಲ, ಬೇರೆಯವರಿಗೆ ಆಗಿದ್ದರೆ ನಾನೂ ನಗುತ್ತಿದ್ದೆ. ಕೊನೆಗೆ ಒಂದು ವೋಚರ್ ಪ್ರಿಂಟ್ ಮಾಡಿ ಕೊಟ್ಟ. ಮುಂದಿನ ವಿದೇಶ ಪ್ರವಾಸದಲ್ಲಿ ತಲೆಗೆ 2,000 ರಿಯಾಯಿತಿ, ಮಳೆಗಾಲದಲ್ಲಿ ಮಾತ್ರ. ನನ್ನ ಹೆಸರು ತಪ್ಪಾಗಿತ್ತು. ಅದರ ಜೊತೆ ಅಭಿಪ್ರಾಯದ ಫಾರಂ, ದಾರ ಕಟ್ಟಿದ ಪೆನ್ನು. "ಫೈವ್ ಸ್ಟಾರ್ ಹಾಕಿ ಅಂಕಲ್, ನಮಗೆ ಇನ್ಸೆಂಟಿವ್ ಇರುತ್ತೆ."

ಈಗ ಅವನ ಪ್ರಶ್ನೆಗೆ ಉತ್ತರ, ತಡವಾಗಿ. ನಮ್ಮ ಯುಗಾದಿಗೂ ಅವರ ನ್ಯೆಪಿಗೂ ಏನ್ ಸಂಬಂಧ ಅಂದನಲ್ಲ. ಅವರದೂ ಶಕ ವರ್ಷವೇ. ಮಾರ್ಚ್ 19ಕ್ಕೆ ಅವರಿಗೆ ಶಕ 1948 ಶುರುವಾಯಿತು. ನಮ್ಮ ಪಂಚಾಂಗದ ಮೊದಲ ಪುಟ ತೆಗೆಯಿರಿ, ಶಾಲಿವಾಹನ ಶಕ 1948 ಅಂತ ಅಲ್ಲೂ ಇದೆ. 2023ರಲ್ಲೂ ಎರಡೂ ಒಂದೇ ದಿನ, ಮಾರ್ಚ್ 22ಕ್ಕೆ ಬಿದ್ದಿದ್ದವು. ಇಂಡೋನೇಷ್ಯಾ ಸರ್ಕಾರದ ರಜಾ ಪಟ್ಟಿಯಲ್ಲಿ ಈ ದಿನ ಇದೆ. ನಿಮ್ಮ 14ನೇ ಷರತ್ತಿನಲ್ಲಿ ಭೂಕಂಪ, ಯುದ್ಧ, ಜ್ವಾಲಾಮುಖಿ ಅಂತ ಬರೆದಿದ್ದೀರಿ. 2017ರ ನವೆಂಬರ್‌ನಲ್ಲಿ ಆಗುಂಗ್ ಬೂದಿ ಉಗುಳಿ ಬಾಲಿಯ ವಿಮಾನ ನಿಲ್ದಾಣ ಮುಚ್ಚಿತ್ತು. ಹಾಗೇನಾದರೂ ಆಗಿದ್ದರೆ ನಾನು ತೆಪ್ಪಗೆ ಇರುತ್ತಿದ್ದೆ. ಬೆಟ್ಟ ತಾರೀಖು ಹೇಳಿ ಸಿಡಿಯಲ್ಲ. ಹಬ್ಬ ಹೇಳಿಯೇ ಬರುತ್ತದೆ. ಅದೂ ನೀವೇ ತೋರಣ ಕಟ್ಟಿ ಮಾರಿದ ಹಬ್ಬ! ಈ ಸಂವತ್ಸರದ ಹೆಸರು ಪರಾಭವ. ಅದನ್ನು ಮೊದಲ ದಿನದಿಂದಲೇ ಜಾರಿಗೆ ತಂದದ್ದಕ್ಕೆ ಧನ್ಯವಾದ.

ನನಗೆ ಬರಬೇಕಾದದ್ದು 31,000 ರೂಪಾಯಿ. ಸುತ್ತಾಟದ 26,000, ಕಾರಿನ 5,000. ವೋಚರ್ ಇದರ ಜೊತೆಗಿಟ್ಟು ವಾಪಸ್ ಕಳಿಸಿದ್ದೇನೆ, ಹೆಸರು ಸರಿ ಇರುವವರಿಗೆ ಕೊಡಿ. ಬಿಲ್, ಪ್ಲ್ಯಾನ್, ಪೋಸ್ಟರಿನ ಪ್ರತಿಗಳೂ ಇವೆ. 15 ದಿನ ಕಾಯುತ್ತೇನೆ. ಆಮೇಲೆ ತುಮಕೂರು ಜಿಲ್ಲಾ ಗ್ರಾಹಕರ ಆಯೋಗ. ನಾನಿರುವ ಜಿಲ್ಲೆಯಲ್ಲೇ ಕೇಸ್ ಹಾಕಬಹುದು, 5 ಲಕ್ಷದೊಳಗೆ ಶುಲ್ಕವೂ ಇಲ್ಲ, ಎರಡು ವರ್ಷ ಟೈಮಿದೆ. ವಕೀಲರು ನಮ್ಮ ಬೀಗರೇ, ಫೀಸು ಕೇಳಲ್ಲ, ಊಟ ಹಾಕಿದರೆ ಸಾಕು. ಅಲ್ಲಿ 31,000 ಕೇಳಲ್ಲ, ಆ "ಹ್ಞೂಂ"ಗೂ ಸೇರಿಸಿ ಕೇಳುತ್ತೇನೆ. '7 ವರ್ಕಿಂಗ್ ಡೇಸ್' ಅಂತ ಎಳೆದರೆ ಸುಸ್ತಾಗುತ್ತಾನೆ ಅಂದುಕೊಂಡಿದ್ದರೆ, ನಾವು ಅಟ್ಟದ ಮೇಲೆ ಕಾಯಿ ಹಾಕಿ ಹನ್ನೊಂದು ತಿಂಗಳು ಕಾಯುವ ಜನ.

ಇನ್ನೊಂದು ವಿಷಯ. ಅವತ್ತು ನಾನು ಹೊರಗೆ ಬಂದು ಎದುರಿನ ಕಬ್ಬಿನ ಹಾಲಿನ ಅಂಗಡಿಯಲ್ಲಿ ಕೂತೆ. ಇಪ್ಪತ್ತು ನಿಮಿಷಕ್ಕೆ ಆ ಹುಡುಗ-ಹುಡುಗಿಯೂ ಬಂದರು. ಇಬ್ಬರಿಗೂ ಕಬ್ಬಿನ ಹಾಲು ಕೊಡಿಸಿ, ನಿಮ್ಮ ಪ್ಲ್ಯಾನ್ ತೋರಿಸಿದೆ. ಅವರು ಮುಂಗಡ ಕಟ್ಟಿರಲಿಲ್ಲ. ಈಗಲೂ ಕಟ್ಟಿಲ್ಲ, ಮೊನ್ನೆ ಫೋನ್ ಮಾಡಿದ್ದರು. ಎರಡು ಟಿಕೆಟ್, 1,37,000. ನಾನು ವ್ಯಾಪಾರಕ್ಕೆ ಅಂತ ವಾರಕ್ಕೊಮ್ಮೆ ತುಮಕೂರಿಗೆ ಬರುತ್ತೇನೆ. ಆ ಅಂಗಡಿಯಿಂದ ನಿಮ್ಮ ಬಾಗಿಲು ಚೆನ್ನಾಗಿ ಕಾಣುತ್ತದೆ.

ಇಂತಿ,
ಗಾರ್ಡನ್ ವ್ಯೂ ರೂಮಿನ ಗ್ರಾಹಕ,
ತಿಪಟೂರು